ಕುಳಿತ ಚಿಗರಿಯನ್ನು ಎಬ್ಬಿಸದೆ ನೋಡುವುದು ಹೇಗೆ: ಎರೆ ಸೀಮೆಗೊಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳ ಜಿಲ್ಲೆಯ ಎರೆ (ಕರಿಮಣ್ಣಿನ) ಹೊಲಗಳಿಗೆ ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಹೋದವರು ತಂದು ತೋರಿಸುವ ಚಿತ್ರಗಳು ಬಹುಪಾಲು ಒಂದೇ ಬಗೆಯವು: ಎತ್ತಿದ ಬಾಲ, ಬಿಳಿಯ ಹಿಂಭಾಗ, ಒಂದಿಷ್ಟು ಧೂಳು. ಜೊತೆಗೆ ಕೇಳುವ ಪ್ರಶ್ನೆಯೂ ಒಂದೇ. "ಬಗ್ಗಿಕೊಂಡು, ಸದ್ದಿಲ್ಲದೆ, ನಿಧಾನವಾಗಿ ಹೋದೆವು. ಆದರೂ ಯಾಕೆ ಓಡಿದವು?" ಬಗ್ಗಿಕೊಂಡು ನಿಧಾನವಾಗಿ ಹೋದದ್ದರಿಂದಲೇ ಓಡಿದವು ಎಂದರೆ ಯಾರೂ ನಂಬುವುದಿಲ್ಲ.

ಕುಳಿತ ಹಿಂಡಿನ ಹತ್ತಿರಕ್ಕೆ ಹೋಗುವ ಉಪಾಯ ಇಲ್ಲ. ಅದು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲೇ ತಿಳಿದು, ಅದಕ್ಕಿಂತ ಮುಂಚೆ ಹೋಗಿ ಕುಳಿತು, ಅದು ಎದ್ದು ಹೋದ ಮೇಲೆ ನಾವು ಎದ್ದು ಬರುವುದು: ಇದೊಂದೇ ದಾರಿ. ಕೆಳಗಿನ ಹಂತಗಳೆಲ್ಲ ಅದಕ್ಕೇ. ಕ್ರಮ ಹಿಂದುಮುಂದಾದರೆ ಕೆಲಸ ಕೆಡುತ್ತದೆ. ಮೂರನೆಯ ಹಂತ ಮುಗಿಸದೆ ಆರನೆಯದಕ್ಕೆ ಹಾರುವವರೇ ಹೆಚ್ಚು.

ಮೊದಲು ಕಾನೂನು

ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿ. ಅದನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಬೇಟೆಯ ವಿಧಾನ ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಕ್ಯಾಮೆರಾ ಹಿಡಿದವರೂ ಒಂದು ಮಾತು ತಿಳಿದಿರಬೇಕು. ಆ ಕಾಯ್ದೆಯ ಪ್ರಕಾರ ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಬೆನ್ನಟ್ಟುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಟ್ಟುವುದು, ಆಮಿಷ ಇಡುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಬೈಕಿನಲ್ಲಿ ಹಿಂಡನ್ನು ಓಡಿಸಿ ನೆಗೆತದ ಚಿತ್ರ ತೆಗೆಸುವವರು, ಉಪ್ಪು ಚೆಲ್ಲಿ ಕಾಯುವವರು ತಮ್ಮದು ಬರೀ ಹವ್ಯಾಸ ಎಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ.

1. ಎಲ್ಲಿ ಕೂರುತ್ತವೆ, ಯಾಕೆ ಅಲ್ಲಿ

ಸೋಲು ಶುರುವಾಗುವುದೇ ಇಲ್ಲಿ. ಕಾಡಿನ ಜಿಂಕೆಯ ಬಗ್ಗೆ ಓದಿಕೊಂಡವರು ಪೊದೆ, ನೆರಳು, ಹಳ್ಳದ ಮರೆ ಹುಡುಕುತ್ತಾರೆ. ಚಿಗರಿ ಬಯಲಿನ ಪ್ರಾಣಿ. ಅದು ನಂಬುವುದು ಕಣ್ಣನ್ನು. ಮೂಗು, ಕಿವಿಗಳ ಕೆಲಸ ಆಮೇಲೆ. ಆದ್ದರಿಂದ ಅದು ತನ್ನನ್ನು ಯಾರೂ ನೋಡದ ಜಾಗದಲ್ಲಿ ಕೂರುವುದಿಲ್ಲ, ತಾನು ಎಲ್ಲರನ್ನೂ ನೋಡಬಹುದಾದ ಜಾಗದಲ್ಲಿ ಕೂರುತ್ತದೆ. ಕುಂಟೆ ಹೊಡೆದು ಬಿಟ್ಟ ಹೊಲದ ನಟ್ಟನಡುವೆ, ಬೀಳು ಬಿದ್ದ ಭೂಮಿಯ ಸ್ವಲ್ಪ ಎತ್ತರದ ಬೆನ್ನಿನ ಮೇಲೆ, ಜೋಳ ಕೊಯ್ದ ಕೂಳೆಯಲ್ಲಿ ಅದನ್ನು ಹುಡುಕಬೇಕು. ಬಳ್ಳಾರಿ ಜಾಲಿಯ ದಟ್ಟ ಪೊದೆಯಿದ್ದರೆ ಅದರಿಂದ ದೂರವೇ ಇರುತ್ತದೆ, ಅಲ್ಲಿ ನಾಯಿಯೋ ತೋಳವೋ ಅಡಗಿರಬಹುದು. ಗಂಗಾವತಿಯ ಬಂಕಾಪುರದ ಕಡೆ ಇಂದಿಗೂ ತೋಳಗಳಿವೆ. ಆ ಭಯ ಹುಟ್ಟಿನಿಂದಲೇ ಬಂದದ್ದು.

ಇನ್ನೊಂದು ಮುಖ್ಯ ಸಂಗತಿ: ರಾತ್ರಿಯ ಜಾಗ ಬೇರೆ, ಮಧ್ಯಾಹ್ನದ ಜಾಗ ಬೇರೆ. ರಾತ್ರಿ ಹಿಂಡು ಅತಿ ತೆರೆದ ಬಯಲಿನಲ್ಲಿ ಒತ್ತೊತ್ತಾಗಿ ಕೂರುತ್ತದೆ. ಬೆಳಕು ಹರಿಯುತ್ತಲೇ ಮೇಯಲು ಹೊರಡುತ್ತದೆ. ಬಿಸಿಲು ಏರಿದ ಮೇಲೆ, ಸಾಮಾನ್ಯವಾಗಿ ಹತ್ತರ ಸುಮಾರಿಗೆ, ಮೇವಿಗೆ ಹತ್ತಿರದ ಬೇರೊಂದು ಕಡೆ ಕುಳಿತು ಮೆಲುಕು ಹಾಕುತ್ತದೆ. ಮೂರೂವರೆ ನಾಲ್ಕಕ್ಕೆ ಮತ್ತೆ ಏಳುತ್ತದೆ. ನಾವು ಕಾಯಬೇಕಾದದ್ದು ಮಧ್ಯಾಹ್ನದ ಜಾಗದ ಬಳಿ. ರಾತ್ರಿಯ ಜಾಗದ ಹತ್ತಿರಕ್ಕೆ ಯಾವ ಕಾರಣಕ್ಕೂ ಹೋಗಬಾರದು. ಕತ್ತಲಲ್ಲಿ ಎದ್ದು ಓಡಿದ ಹಿಂಡು ತಂತಿಬೇಲಿಗೆ ಬೀಳುತ್ತದೆ, ಬಾವಿಗೆ ಬೀಳುತ್ತದೆ, ರಸ್ತೆಗೆ ಬರುತ್ತದೆ.

ಋತು ಬದಲಾದಂತೆ ಜಾಗವೂ ಬದಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲಿಗೇ ಮೈಯೊಡ್ಡಿ ಕೂರುವ ಹಿಂಡು ಏಪ್ರಿಲ್ ಹೊತ್ತಿಗೆ ಒಂಟಿ ಬೇವಿನದೋ ಜಾಲಿಯದೋ ವಿರಳ ನೆರಳಿಗೆ ಸರಿಯುತ್ತದೆ. ಆಗಲೂ ಸುತ್ತ ಬಯಲಿರುವ ಮರವನ್ನೇ ಆರಿಸುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ಬೆಳೆದಾಗ ತೆರೆದ ನೆಲ ಕಡಿಮೆಯಾಗುತ್ತದೆ. ಆಗ ಕಡಲೆ ಹೊಲ ಮತ್ತು ಅದರ ಪಕ್ಕದ ಬೀಳುಭೂಮಿ ನೋಡಬೇಕು. ಹೋದ ವರ್ಷದ ಜಾಗಕ್ಕೆ ಈ ವರ್ಷ ಹೋಗಿ ನಿರಾಶರಾಗುವವರು ಬೆಳೆ ಬದಲಾದದ್ದನ್ನು ಗಮನಿಸಿರುವುದಿಲ್ಲ.

2. ಸಾಮಾನು

ದುಬಾರಿ ಸಾಮಾನು ಬೇಡ. ಬೇಕಾದವು ಇಷ್ಟು.

8x42 ಅಳತೆಯ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ) ದುರ್ಬೀನು. ಇದಿಲ್ಲದೆ ಈ ಕೆಲಸ ಆಗುವುದಿಲ್ಲ. ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಚಿತ್ರ ಬೇಕೆನ್ನುವವರಿಗೆ 400 ಮಿಲಿಮೀಟರ್ ಅಥವಾ ಹೆಚ್ಚಿನ ಲೆನ್ಸ್, ಅದರ ಕೆಳಗಿಡಲು ಅಕ್ಕಿಯನ್ನೋ ಜೋಳವನ್ನೋ ತುಂಬಿ ಬಾಯಿ ಹೊಲಿದ ಸಣ್ಣ ಬಟ್ಟೆಚೀಲ. ಮುಕ್ಕಾಲಿಗಿಂತ (ಟ್ರೈಪಾಡ್) ಈ ಚೀಲವೇ ಮೇಲು. ಎರೆ ಭೂಮಿ ಬಿರಿದಿರುವಾಗ ಮುಕ್ಕಾಲಿಯ ಕಾಲು ಬಿರುಕಿಗೆ ಇಳಿಯುತ್ತದೆ, ಅದನ್ನು ಸರಿಪಡಿಸಲು ಕೈ ಎತ್ತಿದರೆ ಮುಗಿಯಿತು.

ಗಾಳಿ ನೋಡಲು ಚಿಕ್ಕ ಡಬ್ಬಿಯಲ್ಲಿ ಬೂದಿ. ಕೂರಲು ಗೋಣಿಚೀಲ. ಕಾಲಿಗೆ ದಪ್ಪ ಅಡಿಯ ಬೂಟು, ಜಾಲಿಮುಳ್ಳು ಚಪ್ಪಲಿಯನ್ನು ಸುಲಭವಾಗಿ ದಾಟುತ್ತದೆ. ಎರಡು ಲೀಟರ್ ನೀರು. ರೊಟ್ಟಿ ಅಥವಾ ಅವಲಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಚಿಪ್ಸ್ ಪೊಟ್ಟಣದ ಸರಸರ ಸದ್ದಿಗೆ ಎದ್ದ ಹಿಂಡುಗಳಿವೆ.

ಬಟ್ಟೆಯ ಬಗ್ಗೆ ಜನ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಎಲೆಚಿತ್ರದ ಸೈನಿಕ ಬಟ್ಟೆ ಕರಿಮಣ್ಣಿನ ಬಯಲಿನಲ್ಲಿ ಯಾವ ಮರೆಯನ್ನೂ ಕೊಡುವುದಿಲ್ಲ, ನೋಡಿದ ರೈತರಿಗೆ ಅನುಮಾನ ಮಾತ್ರ ಕೊಡುತ್ತದೆ. ಮಾಸಲು ಕಂದು ಅಥವಾ ಮಣ್ಣುಬಣ್ಣದ ಹಳೆಯ ಅಂಗಿ ಸಾಕು. ಅಚ್ಚ ಬಿಳುಪು, ಹೊಳೆಯುವ ನೀಲಿ ಬೇಡ. ಗೊರಸಿನ ಪ್ರಾಣಿಗಳ ಕಣ್ಣು ಕೆಂಪನ್ನು ಸರಿಯಾಗಿ ಗುರುತಿಸುವುದಿಲ್ಲ, ನೀಲಿಯನ್ನು ಚೆನ್ನಾಗಿ ಗುರುತಿಸುತ್ತದೆ. ಮುಖ, ಕೈ ಮುಚ್ಚಿಕೊಳ್ಳಲು ಒಂದು ಟವೆಲ್ ಇರಲಿ, ಏಕೆಂದರೆ ಕುಳಿತಲ್ಲಿ ಅಲುಗಾಡುವುದು ಆ ಎರಡೇ.

3. ದೂರದಿಂದ ಗುರುತು ಹಾಕುವುದು

ಮೊದಲ ಕೆಲವು ದಿನ ಕ್ಯಾಮೆರಾ ಮನೆಯಲ್ಲೇ ಇರಲಿ. ಮಧ್ಯಾಹ್ನ ಹನ್ನೊಂದರಿಂದ ಮೂರರ ನಡುವೆ ರಸ್ತೆಯ ಮೇಲಿಂದ, ಹಳ್ಳದ ಸೇತುವೆಯ ಮೇಲಿಂದ, ಗುಡ್ಡದಂಚಿನಿಂದ ದುರ್ಬೀನಿನಲ್ಲಿ ಬಯಲನ್ನು ಸಾಲುಸಾಲಾಗಿ ನೋಡಿ. ಕುಕನೂರು, ಯಲಬುರ್ಗಾ, ಅಳವಂಡಿ ಕಡೆಯ ಗಾಳಿಯಂತ್ರಗಳಿಗೆ ಹಾಕಿದ ಮಣ್ಣುರಸ್ತೆಗಳು ಇದಕ್ಕೆ ಅನುಕೂಲ. ಕುಳಿತ ಚಿಗರಿ ಹೆಂಟೆಯಂತೆಯೇ ಕಾಣುತ್ತದೆ. ಆ ಹೆಂಟೆಗೆ ಕಿವಿಯಿದೆಯೇ, ಕೊಂಬಿದೆಯೇ ಎಂದು ನೋಡುತ್ತ ಹೋಗಬೇಕು. ಕರಿ ಗಂಡನ್ನು ಕರಿಮಣ್ಣಿನಲ್ಲಿ ಕಂಡುಹಿಡಿಯಲು ಅದರ ಕಣ್ಣ ಸುತ್ತಲಿನ ಬಿಳಿಯ ಉಂಗುರವೇ ಗುರುತು.

ಕಂಡ ಮೇಲೆ ಬರೆದಿಡಿ: ಎಷ್ಟು ಹೊತ್ತಿಗೆ ಕುಳಿತವು, ಯಾವ ಹೊಲದಿಂದ ಬಂದವು, ಯಾವ ಕಡೆಗೆ ಮುಖ, ಎದ್ದು ಎತ್ತ ಹೋದವು. ಮೊಬೈಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ ಬದು, ಹಳ್ಳ, ಬಂಡಿದಾರಿಗಳನ್ನು ಗುರುತಿಸಿ. ಎರಡು ಮೂರು ಸಲ ಒಂದೇ ತುಂಡಿನಲ್ಲಿ ಕಂಡರೆ ಅದು ನೆಚ್ಚಿನ ಜಾಗ. ಒಂದೇ ಸಲ ಕಂಡದ್ದನ್ನು ನಂಬಬೇಡಿ; ಅಂದು ಬೇರೆಡೆ ಟ್ರ್ಯಾಕ್ಟರ್ ಇದ್ದಿರಬಹುದು.

ಖಚಿತಪಡಿಸಿಕೊಳ್ಳಲು ಆ ಜಾಗಕ್ಕೆ ಹೋಗಿ ನೋಡಬಹುದು, ಆದರೆ ಹಿಂಡು ಅಲ್ಲಿಲ್ಲದ ಹೊತ್ತಿನಲ್ಲಿ, ಅಂದರೆ ಬೆಳಗ್ಗೆ ಅವು ಬೇರೆಡೆ ಮೇಯುವಾಗ. ಮೈಯೊತ್ತಿ ಮಟ್ಟಸವಾದ ಮಣ್ಣು, ಹಿಕ್ಕೆ, ಗೊರಸಿನ ಗುರುತು ಕಾಣುತ್ತವೆ. ಕುರಿಯ ಹಿಕ್ಕೆಯೊಂದಿಗೆ ಗೊಂದಲ ಸಹಜ, ಏಕೆಂದರೆ ಇದೇ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿರುತ್ತಾರೆ. ಕುರಿಯದು ಇಡೀ ಹೊಲದಲ್ಲಿ ಹರಡಿರುತ್ತದೆ. ಚಿಗರಿಯ ಗಂಡು ದಿನವೂ ಒಂದೇ ಕಡೆ ಹಾಕುವುದರಿಂದ ಹಳೆಯದು, ಹೊಸದು ಸೇರಿದ ಗುಡ್ಡೆಯಾಗಿರುತ್ತದೆ. ಗೊರಸೂ ಅಷ್ಟೇ: ಕುರಿಯದು ಮೊಂಡು, ಚಿಗರಿಯದು ಸಪೂರ, ತುದಿ ಚೂಪು. ಗುಡ್ಡೆ ಸಿಕ್ಕಿದರೆ ಅಲ್ಲೊಂದು ಗಂಡು ತನ್ನ ಸರಹದ್ದು ಕಾಯುತ್ತಿದೆ ಎಂದು ಅರ್ಥ. ಬೇರೆ ಹಿಂಡು ಬಂದು ಹೋದರೂ ಆ ಗಂಡು ಅಲ್ಲಿಯೇ ಇರುತ್ತದೆ. ಹೊಸಬರಿಗೆ ಎಲ್ಲಕ್ಕಿಂತ ಸುಲಭ ಇಂಥ ಒಂಟಿ ಗಂಡಿನ ಜಾಗ.

4. ಹೊಲದವರ ಒಪ್ಪಿಗೆ

ಬಯಲು ಖಾಲಿಯಾಗಿ ಕಂಡರೂ ಪ್ರತಿ ತುಂಡಿಗೂ ಒಬ್ಬ ಒಡೆಯರಿದ್ದಾರೆ. ಹಿಂದಿನ ದಿನವೇ ಹೋಗಿ ಕೇಳಿ. ಕಡಲೆ ಚಿಗುರನ್ನು ಚಿಗರಿ ತಿಂದು ಹೋದ ಹೊಲದಲ್ಲಿ ನಿಂತು "ಎಷ್ಟು ಚಂದದ ಪ್ರಾಣಿ" ಎನ್ನುವವರಿಗೆ ಯಾವ ಉತ್ತರ ಸಿಗುತ್ತದೋ ಅದಕ್ಕೆ ಅವರು ಅರ್ಹರು. "ಗೌಡರೇ, ಬೆಳೆ ತುಳಿಯುವುದಿಲ್ಲ, ನಿಮ್ಮ ಬದುವಿನ ಮೇಲೆ ಅರ್ಧ ದಿನ ಕೂರುತ್ತೇನೆ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆಮೇಲೆ ನೀವು ವಾರಗಟ್ಟಲೆ ಹುಡುಕಿದರೂ ತಿಳಿಯದ್ದನ್ನು ಅವರೇ ಹೇಳಿಬಿಡುತ್ತಾರೆ: ಎಲ್ಲಿಂದ ಬರುತ್ತವೆ, ಯಾವ ಬದು ದಾಟುತ್ತವೆ, ಎಂದು ಕುಂಟೆ ಹೊಡೆಯುವವರಿದ್ದಾರೆ. ಕುರಿಗಾರರನ್ನೂ ಮಾತಾಡಿಸಿ. ಅವರ ನಾಯಿಗಳು ಅಂದು ಯಾವ ಕಡೆ ಇರುತ್ತವೆ ಎಂಬುದು ನಿಮಗೆ ಗೊತ್ತಿರಬೇಕಾದ ಸಂಗತಿ.

5. ಓಡಿದರೆ ಎತ್ತ ಓಡುತ್ತವೆ

ಈ ಹಂತವನ್ನು ಯಾರೂ ಮಾಡುವುದಿಲ್ಲ. ನಾನು ಇದನ್ನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ.

ಎಷ್ಟೇ ಎಚ್ಚರವಾಗಿದ್ದರೂ ಒಂದು ದಿನ ಹಿಂಡು ಹೆದರುತ್ತದೆ. ಹೆದರಿದ ಚಿಗರಿ ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ಓಡಬಲ್ಲದು, ಆ ವೇಗದಲ್ಲಿ ತಂತಿಯಾಗಲಿ ಬಾವಿಯಾಗಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಕೂರುವ ಜಾಗ ಆರಿಸುವ ಮೊದಲು, ಹಿಂಡಿನ ಆಚೆ ಬದಿಯಲ್ಲಿ ಏನಿದೆ ಎಂದು ನಕ್ಷೆಯಲ್ಲೂ ಕಣ್ಣಾರೆಯೂ ನೋಡಿ. ಕೊಪ್ಪಳದಿಂದ ಗದಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಇದೆಯೇ? ರೈಲು ಹಳಿಯೇ? ಗಂಗಾವತಿ, ಸಿಂಧನೂರಿನ ಕಡೆಯಾದರೆ ತುಂಗಭದ್ರಾ ಎಡದಂಡೆ ಕಾಲುವೆಯೇ? ಸಿಮೆಂಟಿನ ಇಳಿಜಾರಿದ್ದ ಕಾಲುವೆಗೆ ಬಿದ್ದ ಪ್ರಾಣಿ ಹತ್ತಿ ಬರಲಾರದು. ಊರು ಹತ್ತಿರವಿದ್ದು ಬೀದಿನಾಯಿಗಳ ಗುಂಪಿದೆಯೇ?

ಇವುಗಳಲ್ಲಿ ಯಾವುದಾದರೂ ಹಿಂಡಿನ ಹಿಂದೆ ಇದ್ದರೆ ನೀವು ಇನ್ನೊಂದು ಬದಿಗೆ ಹೋಗಬೇಕು, ಅಂದರೆ ನೀವೇ ರಸ್ತೆ ಮತ್ತು ಹಿಂಡಿನ ನಡುವೆ ಇರಬೇಕು. ಆಗ ಅವು ಎದ್ದರೂ ಬಯಲಿನ ಕಡೆಗೆ ಹೋಗುತ್ತವೆ. ಅಂಥ ಜಾಗ ಸಿಗದಿದ್ದರೆ ಆ ಹಿಂಡನ್ನು ಬಿಟ್ಟುಬಿಡಿ. ಬೆಳಕು ಚೆನ್ನಾಗಿದೆ, ಬದು ಅನುಕೂಲವಾಗಿದೆ ಎಂಬ ನೆಪಗಳಿಗೆಲ್ಲ ಇಲ್ಲಿ ಬೆಲೆಯಿಲ್ಲ.

6. ಕೂರುವ ಜಾಗ

ಅವು ಕೂರುವ ಕಡೆಯಿಂದ ನೂರು ಮೀಟರಿಗಿಂತ ಒಳಗೆ ಬೇಡ, ನೂರೈವತ್ತು ಇದ್ದರೆ ಇನ್ನೂ ಒಳ್ಳೆಯದು. ಹೆಚ್ಚು ಹತ್ತಿರವಾದಷ್ಟೂ ಕೈಕಾಲು ಚಾಚುವ ಸ್ವಾತಂತ್ರ್ಯ ಕಡಿಮೆ, ಅದೂ ಐದಾರು ಗಂಟೆ.

ಬೆನ್ನ ಹಿಂದೆ ಏನಾದರೂ ಇರಲೇಬೇಕು. ಬದುವಿನ ಮೇಲೆ ಕುಳಿತರೆ ತಲೆ ಆಕಾಶಕ್ಕೆ ಎದ್ದು ಕಾಣುತ್ತದೆ. ಬದುವಿನ ಬುಡದಲ್ಲಿ, ಹಿಂಡಿನ ಕಡೆಯ ಮಗ್ಗುಲಲ್ಲಿ, ಬದುವಿಗೇ ಒರಗಿ ಕೂತರೆ ಮಣ್ಣಿನಲ್ಲಿ ಕರಗಿಹೋಗುತ್ತೀರಿ. ಬದುವಿನ ಹಿಂದೆ ಅಡಗಿ ಆಗಾಗ ಇಣುಕುವುದು ದೊಡ್ಡ ತಪ್ಪು. ಇದ್ದದ್ದು ಇದ್ದ ಹಾಗೆಯೇ ಕಂಡರೆ ಚಿಗರಿ ಸಹಿಸುತ್ತದೆ, ಕಾಣಿಸಿಕೊಂಡು ಮಾಯವಾಗುವುದನ್ನು ಸಹಿಸುವುದಿಲ್ಲ.

ಹೊಲದಲ್ಲಿ ಮೊದಲೇ ಇರುವ ವಸ್ತುಗಳು ಇನ್ನೂ ಮೇಲು: ಹಳೆಯ ಬಣವೆ, ಕಾವಲು ಅಟ್ಟಣೆಯ ಕಾಲು, ನಿಂತ ಬಂಡಿ. ಹಿಂಡಿಗೆ ಅವುಗಳ ಪರಿಚಯ ಇದೆ. ಬಟ್ಟೆಯ ಗೂಡಾರ ಹಾಕುವುದಾದರೆ ಬಳಸುವ ನಾಲ್ಕೈದು ದಿನ ಮೊದಲೇ ಹಾಕಿ ಬಿಡಿ, ಬಟ್ಟೆ ಗಾಳಿಗೆ ಪಟಪಟ ಎನ್ನದಂತೆ ಬಿಗಿಯಿರಿ. ಕೂರುವ ಮೊದಲು ಕಲ್ಲಿನ ಸಂದು, ಹುಲ್ಲಿನ ಬುಡ, ನೆಲದ ಬಿರುಕನ್ನು ಕೋಲಿನಿಂದ ತಟ್ಟಿ ನೋಡುವುದನ್ನು ಮರೆಯಬೇಡಿ. ಕೊಳಕುಮಂಡಲ, ಗರಗಸಮಂಡಲ ಎರಡೂ ಈ ಸೀಮೆಯ ವಿಷದ ಹಾವುಗಳೇ.

ಗಾಳಿ ಅವುಗಳ ಕಡೆಯಿಂದ ನಿಮ್ಮ ಕಡೆಗೆ ಬರಬೇಕು, ಅಥವಾ ಅಡ್ಡ ಹಾಯಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಗಾಳಿಯಂತ್ರಗಳಿರುವ ಕಡೆ ಅವುಗಳ ಮುಖ ನೋಡಿದರೆ ಸಾಕು, ಗಾಳಿ ಬರುವ ದಿಕ್ಕಿಗೆ ಅವು ತಾವೇ ತಿರುಗುತ್ತವೆ. ಆದರೆ ಅದು ಮೇಲಿನ ಗಾಳಿ. ನೆಲದ ಮೇಲಿನದು ಹಳ್ಳದ ತಿರುವಿನಲ್ಲಿ ಬೇರೆಯಾಗಬಹುದು, ಅದಕ್ಕೇ ಬೂದಿ. ಗಾಳಿ ಮತ್ತು ಮರೆ ಎರಡರಲ್ಲಿ ಒಂದೇ ಸಿಗುವುದಾದರೆ ಮರೆಯನ್ನು ಆರಿಸಿ. ಕಾಡಿನ ಜಿಂಕೆಯಾಗಿದ್ದರೆ ತಿರುಗಾಮುರುಗಾ ಹೇಳುತ್ತಿದ್ದೆ.

ಬಿಸಿಲು ಬೆನ್ನಿಗಿರಲಿ. ಚಿತ್ರಕ್ಕೂ ಒಳ್ಳೆಯದು, ಸೂರ್ಯನ ಕಡೆಗೆ ನೋಡುವ ಪ್ರಾಣಿಗೆ ನೀವು ಕಾಣುವುದೂ ಕಷ್ಟ. ಆದರೆ ಹನ್ನೆರಡರ ನಂತರ ಸೂರ್ಯ ಆಚೆಗೆ ಸರಿಯುತ್ತಾನೆ, ಲೆನ್ಸಿನ ಗಾಜು ಹೊಳೆಯತೊಡಗುತ್ತದೆ. ಅದರ ಬಾಯಿಗೆ ಕಟ್ಟುವ ನೆರಳುಕೊಳವೆ ಅಥವಾ ಟವೆಲಿನ ಮರೆ ಆ ಹೊತ್ತಿಗೆ ಸಿದ್ಧವಾಗಿರಬೇಕು.

7. ಹೋಗುವುದು

ಎರಡು ದಾರಿಗಳಿವೆ. ನಸುಕಿನಲ್ಲಿ ಹೋಗುವುದು ಒಂದು. ಮಧ್ಯಾಹ್ನದ ಜಾಗ ರಾತ್ರಿಯ ಜಾಗದಿಂದ ಸಾಕಷ್ಟು ದೂರವಿದ್ದರೆ ಮಾತ್ರ ಇದು ಸರಿ. ಬಂಡಿದಾರಿ ಬಿಟ್ಟು ಇಳಿಯಬೇಡಿ. ಬ್ಯಾಟರಿ ಬೆಳಕು ಕಾಲಬುಡಕ್ಕೆ ಮಾತ್ರ ಬೀಳಲಿ. ಬಯಲಿನಲ್ಲಿ ಬೆಳಕು ಆಡಿಸುವವರನ್ನು ಜನ ಬೇಟೆಗಾರರೆಂದೋ ಕಳ್ಳರೆಂದೋ ತಿಳಿಯುವುದು ಸಹಜ, ಅದಕ್ಕೇ ಹಿಂದಿನ ದಿನ ಹೇಳಿಟ್ಟಿರಬೇಕು.

ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು: ಎಂಟು, ಎಂಟೂವರೆಗೆ ಕಳೆ ತೆಗೆಯಲು, ಕಡಲೆ ಕೀಳಲು ಹೊರಡುವ ಕೂಲಿಯವರ ಜೊತೆಯಲ್ಲೇ ಅದೇ ದಾರಿಯಲ್ಲಿ, ಅದೇ ನಡಿಗೆಯಲ್ಲಿ ಹೋಗುವುದು. ಹೊಲಕ್ಕೆ ಹೋಗುವ ಜನ, ಬಂಡಿ, ಟ್ರ್ಯಾಕ್ಟರ್ ಚಿಗರಿಗೆ ದಿನನಿತ್ಯದ ನೋಟ. ದೂರದಲ್ಲಿ ಮೇಯುತ್ತಿದ್ದರೆ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ಬದು ಬಂದಾಗ ನೀವು ಸರಿದು ಕೂರುತ್ತೀರಿ, ಉಳಿದವರು ಮುಂದೆ ಹೋಗುತ್ತಾರೆ.

ನಡೆಯುವಾಗ ಹಿಂಡಿನ ಕಡೆಗೆ ನೇರವಾಗಿ ಹೋಗಬೇಡಿ, ಅದನ್ನು ಪಕ್ಕಕ್ಕೆ ಬಿಟ್ಟು ಓರೆಯಾಗಿ ಹಾಯಿರಿ. ದಿಟ್ಟಿಸಬೇಡಿ. ಬಗ್ಗಬೇಡಿ. ಬಗ್ಗಿ, ನಿಂತು, ಮತ್ತೆ ಬಗ್ಗಿ ಮುಂದೊತ್ತುವುದು ತೋಳದ ನಡೆ. ನೆಟ್ಟಗೆ ನಡೆಯುವ ಮನುಷ್ಯನಿಗಿಂತ ಅದಕ್ಕೇ ಚಿಗರಿ ಹೆಚ್ಚು ಹೆದರುತ್ತದೆ. ಇಬ್ಬರು ಎರಡು ಕಡೆಯಿಂದ ಬರುವುದಂತೂ ಬೇಡವೇ ಬೇಡ, ಅದು ಅಟ್ಟುವುದೇ ಆಗುತ್ತದೆ. ಒಬ್ಬರು, ಹೆಚ್ಚೆಂದರೆ ಇಬ್ಬರು ಒಟ್ಟಿಗೆ.

ಕಾರಿನಲ್ಲೇ ಕುಳಿತು ನೋಡುವವರಿಗೆ ಒಂದು ಮಾತು. ಹೋಗುತ್ತಿರುವ ವಾಹನಕ್ಕೆ ಅವು ಹೆದರುವುದಿಲ್ಲ, ಹೋಗುತ್ತಿದ್ದದ್ದು ತಟ್ಟನೆ ನಿಂತರೆ ಹೆದರುತ್ತವೆ. ಆದ್ದರಿಂದ ಅವು ಬರುವ ಮುಂಚೆಯೇ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿಟ್ಟುಕೊಳ್ಳಿ. ಆಮೇಲೆ ಬಾಗಿಲು ತೆರೆಯುವಂತಿಲ್ಲ. ಮಳೆ ಬಿದ್ದ ಮರುದಿನ ಎರೆ ದಾರಿಗೆ ಗಾಡಿ ಇಳಿಸಿದರೆ ಎಳೆಯಲು ಟ್ರ್ಯಾಕ್ಟರ್ ಬರಬೇಕಾಗುತ್ತದೆ, ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

8. ಕಾಯುವುದು ಮತ್ತು ಎಚ್ಚರಿಕೆಯ ಗುರುತುಗಳು

ಹಿಂಡು ಬರುವಾಗ ಅಲುಗಾಡಬೇಡಿ. ಕ್ಯಾಮೆರಾ ಎತ್ತಬೇಡಿ. ಬಂದು, ಮಣ್ಣು ಕೆದರಿ, ಒಂದೊಂದಾಗಿ ಕುಳಿತು, ಮೆಲುಕು ಶುರುವಾಗುವವರೆಗೆ ಅರ್ಧ ಗಂಟೆಯಾದರೂ ಬಿಡಿ. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಕೂರುವುದಿಲ್ಲ, ಯಾವುದಾದರೊಂದು ಜೋಡಿ ಕಣ್ಣು ನಿಮ್ಮ ಕಡೆಗೆ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಹೆಣ್ಣೇ ಮೊದಲು ಗುರುತಿಸುವುದು. ಎಲ್ಲರೂ ಕರಿ ಗಂಡನ್ನು ನೋಡುತ್ತ ಕೂರುತ್ತಾರೆ, ಸುದ್ದಿ ಬರುವುದು ಹೆಣ್ಣುಗಳಿಂದ.

ಗುರುತುಗಳು ಒಂದರ ಮೇಲೊಂದು ಬರುತ್ತವೆ. ಮೊದಲನೆಯದು ದವಡೆ ನಿಲ್ಲುವುದು. ಮೆಲುಕು ಹಾಕುತ್ತಿದ್ದ ಪ್ರಾಣಿ ತಟ್ಟನೆ ನಿಲ್ಲಿಸಿದರೆ ಏನೋ ಅನುಮಾನ ಬಂದಿದೆ ಎಂದರ್ಥ. ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಒಳ್ಳೆಯ ಅವಕಾಶ ಇದೇ. ಬಹುಮಂದಿ ಇದನ್ನು ನೋಡುವುದೇ ಇಲ್ಲ, ಏಕೆಂದರೆ ಆಗ ಅವರು ಕ್ಯಾಮೆರಾದ ಪರದೆ ನೋಡುತ್ತಿರುತ್ತಾರೆ. ಕಂಡೊಡನೆ ಇದ್ದ ಭಂಗಿಯಲ್ಲೇ ಇರಿ, ಎತ್ತಿದ ಕೈಯನ್ನು ಇಳಿಸಲೂ ಬೇಡಿ. ಕಣ್ಣನ್ನು ನೆಲಕ್ಕೆ ಹಾಕಿ. ದವಡೆ ಮತ್ತೆ ಆಡತೊಡಗಿದರೆ ನೀವು ಪಾರಾದಿರಿ.

ಎರಡನೆಯದು, ಕತ್ತು ನೀಳವಾಗುವುದು, ಎರಡೂ ಕಿವಿ ಒಂದೇ ದಿಕ್ಕಿಗೆ ತಿರುಗುವುದು. ಒಂದು ಕಿವಿ ಅತ್ತಿತ್ತ ಆಡಿದರೆ ನೊಣಕ್ಕಾಗಿಯೂ ಇರಬಹುದು. ಎರಡೂ ನಿಮ್ಮತ್ತ ನೆಟ್ಟರೆ ನಿಮಗಾಗಿಯೇ. ಕ್ಯಾಮೆರಾದ ಸದ್ದು ಈ ಹೊತ್ತಿನಲ್ಲಿ ಬಂದರೆ ಮುಂದಿನ ಹಂತ ಖಚಿತ.

ಮೂರನೆಯದು, ಕುಳಿತದ್ದು ಎದ್ದು ನಿಲ್ಲುವುದು. ಇಲ್ಲೊಂದು ವ್ಯತ್ಯಾಸ ತಿಳಿಯಬೇಕು. ತಾನಾಗಿ ಏಳುವ ಚಿಗರಿ ಮೈ ಮುರಿಯುತ್ತದೆ, ಬಾಲ ಬಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ಹಿಕ್ಕೆ ಹಾಕುತ್ತದೆ, ಮಗ್ಗುಲು ಬದಲಿಸಿ ಮತ್ತೆ ಕೂರುತ್ತದೆ. ಹೆದರಿ ಏಳುವುದು ಇವೇನನ್ನೂ ಮಾಡದೆ ಎದ್ದಲ್ಲೇ ಕಂಬದಂತೆ ನಿಂತು ನೋಡುತ್ತದೆ. ಹೀಗೆ ಎರಡು ಮೂರು ಎದ್ದವೆಂದರೆ ಆ ದಿನದ ಚಿತ್ರ, ನೋಟ ಎಲ್ಲ ಮುಗಿಯಿತೆಂದು ತಿಳಿದು, ಅವುಗಳನ್ನು ಸಮಾಧಾನಪಡಿಸುವುದೊಂದೇ ಕೆಲಸ ಎಂದುಕೊಳ್ಳಿ. ಮುಖವನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿ ಬೇರೆ ಕಡೆ ನೋಡುತ್ತ ಕೂರಿ.

ಆಮೇಲಿನದು ಕಾಲು ನೆಲಕ್ಕೆ ಅಪ್ಪಳಿಸುವುದು, ಮೂಗಿನಿಂದ ಬುಸ್ಸೆನ್ನುವುದು, ಚದುರಿದ್ದವು ಒತ್ತೊತ್ತಾಗಿ ಸೇರುವುದು. ಕೊನೆಗೆ ಒಂದು ನೇರ ಮೇಲಕ್ಕೆ ನೆಗೆಯುತ್ತದೆ, ಹಿಂದೆಯೇ ಉಳಿದವೂ ನೆಗೆಯುತ್ತವೆ. ಕ್ಯಾಲೆಂಡರಿನಲ್ಲಿ ಅಚ್ಚಾಗುವ ಆ ನೆಗೆತ ಭಯದ ಗುರುತು. ಅದನ್ನು ಹೊಗಳಿ ಬಹುಮಾನ ಕೊಡುವುದನ್ನು ನಿಲ್ಲಿಸಿದರೆ ಅರ್ಧ ಕಾಟ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಓಡಿಹೋದರೆ ಎದ್ದು ನೋಡಬೇಡಿ, ಹಿಂದೆ ಹೋಗಬೇಡಿ. ಕುಳಿತಲ್ಲೇ ಇರಿ. ಸ್ವಲ್ಪ ದೂರ ಹೋಗಿ ನಿಂತು ಅವು ಹಿಂದಿರುಗಿ ನೋಡುತ್ತವೆ. ಬೆನ್ನಟ್ಟುವವರು ಯಾರೂ ಕಾಣದಿದ್ದರೆ ನಿಧಾನವಾಗುತ್ತವೆ. ಸರಹದ್ದು ಕಾಯುವ ಗಂಡು ಎಲ್ಲರಿಗಿಂತ ತಡವಾಗಿ ಹೋಗಿ ಎಲ್ಲರಿಗಿಂತ ಬೇಗ ತಿರುಗಿ ಬರುತ್ತದೆ.

9. ಚಿತ್ರ

ಇದು ಚಿಕ್ಕ ಹಂತ. ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ, ಫೋಕಸ್ ಆದಾಗ ಬರುವ ಪೀಪೀ ಸದ್ದನ್ನು ಮನೆಯಲ್ಲೇ ಆರಿಸಿ ಬನ್ನಿ. ಫ್ಲ್ಯಾಶ್ ಬೇಡ, ಡ್ರೋನ್ ಬೇಡ.

ಫೆಬ್ರವರಿಯ ನಂತರ ಮಧ್ಯಾಹ್ನ ತೆಗೆದ ಚಿತ್ರ ಮಸುಕಾಗಿ ಬಂದರೆ ಲೆನ್ಸನ್ನು ಬಯ್ಯಬೇಡಿ. ಕಾದ ಕರಿಮಣ್ಣಿನ ಮೇಲೆ ಗಾಳಿ ಅಲೆಯಾಡುತ್ತದೆ, ಎಷ್ಟು ದುಡ್ಡಿನ ಲೆನ್ಸಾದರೂ ಅದರ ಆಚೆ ಚೂಪಾಗಿ ಕಾಣುವುದಿಲ್ಲ. ಹತ್ತಿರ ಹೋದರೆ ಸರಿಯಾಗುತ್ತದೆ ಎಂದು ಜನ ಎದ್ದು ಹೋಗುವುದು ಇದೇ ಕಾರಣಕ್ಕೆ. ಕುಳಿತ ಹೊಸದರಲ್ಲಿ ಮತ್ತು ಏಳುವ ಹೊತ್ತಿಗೆ ತೆಗೆಯಿರಿ, ನಡುವೆ ದುರ್ಬೀನಿನಲ್ಲಿ ನೋಡಿ.

10. ಎದ್ದು ಬರುವುದು

ಬೆಳಗಿನಿಂದ ಶಿಸ್ತಾಗಿ ಕುಳಿತವರು ಕೆಲಸ ಕೆಡಿಸುವುದು ಇಲ್ಲಿ. ಚಿತ್ರ ಸಿಕ್ಕಿತು, ಹಸಿವಾಗಿದೆ, ಒಂದು ಗಂಟೆಗೆ ಎದ್ದು ಮೈ ಕೊಡವಿ ನಡೆದುಬಿಡುತ್ತಾರೆ. ನೂರು ಮೀಟರ್ ದೂರದಲ್ಲಿ ಬದುವಿನ ಬುಡದಿಂದ ಮನುಷ್ಯ ಎದ್ದು ಬಂದದ್ದನ್ನು ಹಿಂಡು ಮರೆಯುವುದಿಲ್ಲ. ಒಂದೆರಡು ಸಲ ಹೀಗಾದರೆ ಆ ಜಾಗವನ್ನೇ ಬಿಟ್ಟುಬಿಡುತ್ತದೆ. ಉರಿಬಿಸಿಲಿನಲ್ಲಿ ಓಡಿದ ಪ್ರಾಣಿಗೆ ಆಗುವ ದಣಿವು, ನೀರಡಿಕೆ ಬೇರೆ.

ಸರಿಯಾದ ಕ್ರಮ ಇದು. ನಾಲ್ಕರ ಹೊತ್ತಿಗೆ ಅವು ತಾವಾಗಿ ಏಳುತ್ತವೆ, ಮೇಯುತ್ತ ಸರಿಯುತ್ತವೆ. ಕೊನೆಯ ಪ್ರಾಣಿಯೂ ಕನಿಷ್ಠ ಮುನ್ನೂರು ಮೀಟರ್ ದಾಟಿ, ತಲೆ ತಗ್ಗಿಸಿ ಮೇಯುವವರೆಗೆ ಕಾಯಿರಿ. ಆಮೇಲೆ ಬದುವಿನ ಆಚೆ ಬದಿಗೆ ಇಳಿದು, ಬಂದ ದಾರಿಯಲ್ಲೇ ಹೋಗಿ. ಕೂಲಿಯವರು ಮನೆಗೆ ಮರಳುವ ಹೊತ್ತೂ ಅದೇ, ಅವರ ಜೊತೆ ಸೇರಿಕೊಳ್ಳಬಹುದು.

ನಡುವೆ ಏಳಲೇಬೇಕಾದ ಸಂದರ್ಭ ಬಂದರೆ, ಬಿಸಿಲು ತಲೆಗೇರಿದೆ, ನೀರು ಮುಗಿದಿದೆ ಎಂದಾದರೆ, ಕುಳಿತಲ್ಲಿಂದಲೇ ಹಿಂದಕ್ಕೆ ತೆವಳಿ ಬದು ದಾಟಬೇಕು. ಕುರಿಮಂದೆಯೋ ಟ್ರ್ಯಾಕ್ಟರೋ ಹಾದುಹೋಗುವ ಸಮಯ ನೋಡಿಕೊಂಡರೆ ಇನ್ನೂ ಒಳ್ಳೆಯದು. ಆಗ ಹಿಂಡಿನ ಕಣ್ಣು ಅತ್ತ ಇರುತ್ತದೆ. ಈ ಹಿಂದಿರುಗುವ ದಾರಿಯನ್ನು ಆರನೆಯ ಹಂತದಲ್ಲೇ ನೋಡಿಟ್ಟಿರಬೇಕು, ಬದುವಿನ ಹಿಂದೆ ಜಾಲಿ ಇದ್ದರೆ ತೆವಳುವಾಗ ಗೊತ್ತಾಗುತ್ತದೆ.

ಒಂದೇ ಜಾಗಕ್ಕೆ ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡ.

11. ಹೋಗಬಾರದ ಹೊತ್ತು, ಮುಟ್ಟಬಾರದ ಮರಿ, ಕಂಡೊಡನೆ ತಿಳಿಸಬೇಕಾದದ್ದು

ಹಿಂಡಿನಿಂದ ಬೇರೆಯಾಗಿ ಒಂಟಿ ಹೆಣ್ಣು ಹುಲ್ಲಿನ ಸುತ್ತ ಸುಳಿಯುತ್ತಿದ್ದರೆ ಅಂದು ಅಲ್ಲಿಂದಲೇ ಹಿಂದಿರುಗಿ. ಅದರ ಮರಿ ಹುಲ್ಲಿನಲ್ಲಿ ಮಲಗಿರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ತಾಯಿಯ ಹಿಂದೆ ಓಡುವುದಿಲ್ಲ, ಅಲುಗಾಡದೆ ಅಡಗಿರುತ್ತದೆ. ತಾಯಿ ಬಂದು ಹಾಲೂಡಿಸಿ ಹೋಗುತ್ತದೆ. ಹೀಗೆ ಮಲಗಿದ ಮರಿಯನ್ನು ಅನಾಥ ಎಂದು ಎತ್ತಿಕೊಂಡು ಊರಿಗೆ ತರುವುದು ದಯೆಯಲ್ಲ, ತಾಯಿಯಿಂದ ಅಗಲಿಸುವುದು. ಮುಟ್ಟದೆ, ಸುತ್ತ ಸುಳಿಯದೆ, ಬಂದ ಹೆಜ್ಜೆಯಲ್ಲೇ ತಿರುಗಿ ದೂರದಿಂದ ನೋಡಿ. ಗಾಯವಾಗಿದ್ದರೆ ಅಥವಾ ನಾಯಿಗಳು ಸುತ್ತುವರಿದಿದ್ದರೆ ಮಾತ್ರ ನಾಯಿಗಳನ್ನು ದೂರ ಓಡಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಅರಣ್ಯ ಇಲಾಖೆಯ ಜಮೀನು ಅಥವಾ ವನ್ಯಜೀವಿ ಧಾಮದ ಒಳಗಾದರೆ ಇಲ್ಲಿ ಹೇಳಿದ್ದು ಯಾವುದೂ ಅನ್ವಯಿಸುವುದಿಲ್ಲ, ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ.

ಬದುವಿನ ಮೇಲೆ, ಬೇಲಿಯ ಸಂದಿಯಲ್ಲಿ ಕುಣಿಕೆ ಹಾಕಿದ ತಂತಿ ಅಥವಾ ಸಾಲಾಗಿ ಕಟ್ಟಿದ ಬಲೆ ಕಂಡರೆ ಅದು ಉರುಲು. ರಾತ್ರಿ ಬೈಕಿನ ಮೇಲೆ ದೊಡ್ಡ ಬೆಳಕು ಆಡಿಸುವವರು, ಬೇಟೆನಾಯಿಗಳನ್ನು ಕಟ್ಟಿಕೊಂಡು ಬರುವವರು ಯಾಕೆ ಬಂದಿದ್ದಾರೆಂದು ಬಿಡಿಸಿ ಹೇಳಬೇಕಿಲ್ಲ. ನೀವೇ ಎದುರಿಸಲು ಹೋಗಬೇಡಿ, ಉರುಲನ್ನು ಬಿಚ್ಚಬೇಡಿ. ಚಿತ್ರ ತೆಗೆದು, ಜಾಗದ ಗುರುತು ಉಳಿಸಿಕೊಂಡು, ದೂರ ಬಂದು ಇಲಾಖೆಗೆ ಅಥವಾ 112ಕ್ಕೆ ತಿಳಿಸಿ.

ನಿಮ್ಮ ಚಿತ್ರ ನೋಡಿ ಊರಿನ ಹೆಸರು ಕೇಳುವವರು ಬಹಳ. ತಾಲ್ಲೂಕಿನ ಹೆಸರು ಹೇಳಿ ಸುಮ್ಮನಾಗಿ. ಮೊಬೈಲ್ ಮತ್ತು ಕ್ಯಾಮೆರಾ ಚಿತ್ರದೊಳಗೇ ಜಾಗದ ಗುರುತನ್ನು ಬರೆದಿಡುತ್ತವೆ. ಹಂಚುವ ಮೊದಲು ಅದನ್ನು ತೆಗೆದುಹಾಕಿ, ಹಿನ್ನೆಲೆಯಲ್ಲಿ ಗುಡಿಯ ಗೋಪುರವೋ ಅಂಕೆ ಬರೆದ ಗಾಳಿಯಂತ್ರದ ಕಂಬವೋ ಬಿದ್ದಿದ್ದರೆ ಕತ್ತರಿಸಿ. ಮಧ್ಯಾಹ್ನ ತೆಗೆದದ್ದನ್ನು ಮಧ್ಯಾಹ್ನವೇ ಹಾಕಬೇಡಿ; ಆ ಹೊಲದ ಬೆಳೆ ಕೊಯ್ಲಾಗಿ, ಹಿಂಡು ಬೇರೆ ಜಾಗಕ್ಕೆ ಸರಿದ ಮೇಲೆ ಹಾಕಿದರೂ ಚಿತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ.